ಸೀತೆಗೆ ಮೊದಲ ತುತ್ತು

ಬೊಮ್ಮಪ್ಪನ ಮನೆಯಲ್ಲಿ ಆಟದ ದಿನ ಮೊದಲು ಸೀತೆಗೆ ಬಡಿಸುತ್ತಿದ್ದರು. ರಾಮನಿಗಲ್ಲ, ರಾಮನನ್ನು ಕುಣಿಸುವ ಯಜಮಾನನಿಗೂ ಅಲ್ಲ. ಪರದೆಯ ಹಿಂದೆ ಕೂತು ಸೀತೆಯ ಮಾತು ಹೇಳುವ, ಸೀತೆಯ ಹಾಡು ಹಾಡುವ ಹೆಂಗಸು ಯಾರೋ ಅವಳ ತಟ್ಟೆಗೆ ಬಿಸಿ ಅನ್ನ, ಅನ್ನದ ಮೇಲೆ ಒಂದು ಸೌಟು ತುಪ್ಪ. ಉಳಿದವರಿಗೆಲ್ಲ ಆಮೇಲೆ ರಾಗಿಮುದ್ದೆ, ಹುರುಳಿ ಸಾರು. ತುಪ್ಪದಿಂದ ಗಂಟಲು ನುಣುಪಾಗುತ್ತದೆಂದು ಬೊಮ್ಮಪ್ಪನ ಅಜ್ಜ ಮಾಡಿಟ್ಟ ಪದ್ಧತಿ. ಅಜ್ಜನ ಗಂಟಲಿಗೆ ಎಂದೂ ತುಪ್ಪ ಇಳಿದಿರಲಿಲ್ಲ. ಆದ್ದರಿಂದ ಅದರ ಮೇಲೆ ಅವನಿಗೆ ಅಷ್ಟು ನಂಬಿಕೆ.

ಬಡವನಹಳ್ಳಿಯ ಅಂಚಿನಲ್ಲಿ, ಸಂತೆ ಮಾಳದ ಆಚೆ, ಅವರ ಮನೆ. ತೊಗಲುಬೊಂಬೆ ಆಡಿಸುವ ಕುಲ. ಮೂವತ್ತು ವರ್ಷ ಆ ತುಪ್ಪದನ್ನ ಉಂಡವಳು ಬೊಮ್ಮಪ್ಪನ ಹೆಂಡತಿ ಮುದ್ದಕ್ಕ. ಹೋದ ವರ್ಷ ತಾವರೆಕೆರೆಯ ಆಟದಲ್ಲಿ ಅಶೋಕವನದ ನಡುವೆ ಅವಳಿಗೆ ಕೆಮ್ಮು ಹತ್ತಿತು. ‘ಸೀತೆಗೆ ಶೀತ’ ಎಂದು ಯಾವನೋ ಹಿಂದಿನಿಂದ ಅಂದ, ಜನ ನಕ್ಕಿತು. ಕೆಮ್ಮು ಹೋಗಲಿಲ್ಲ, ಗಂಟಲೇ ಹೋಯಿತು. ಈಗ ಮುದ್ದಕ್ಕ ಮಾತಾಡಿದರೆ ಒಣಗಿದ ತೊಗಲನ್ನು ಯಾರೋ ಮಡಿಸಿದ ಹಾಗೆ ಕೇಳುತ್ತಿತ್ತು.

ಸೊಸೆಯರು ಇಬ್ಬರು. ಹಿರಿಯ ಮಗ ಪಾಲಣ್ಣನ ಹೆಂಡತಿ ನರಸಿಂಹಮ್ಮ ಆ ಮನೆಗೆ ಬಂದು ಹತ್ತು ವರ್ಷದ ಮೇಲಾಗಿತ್ತು. ರಾಗಿ ಬೀಸುವುದು, ನೀರು ಹೊರುವುದು, ಆಟದಲ್ಲಿ ತಾಳ ಹಾಕುವುದು, ಶೂರ್ಪನಖಿಯ ಮಾತು ಹೇಳುವುದು ಎಲ್ಲ ಅವಳದೇ. ಸೀತೆಯ ಹಾಡು ಅಷ್ಟೂ ಅವಳ ಬಾಯಲ್ಲಿತ್ತು. ಬೀಸುವ ಕಲ್ಲಿನ ಮುಂದೆ ಕೂತು ಹಾಡಿಕೊಳ್ಳುತ್ತಿದ್ದಳು. ಕಲ್ಲು ಎಂದೂ ಆಕ್ಷೇಪಣೆ ಎತ್ತಿರಲಿಲ್ಲ. ಕಿರಿಯ ಮಗ ಗಂಗಹನುಮನ ಹೆಂಡತಿ ಓಬಳಮ್ಮ ಪಾವಗಡದ ಕಡೆಯವಳು, ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕನ್ನಡವನ್ನು ಅರ್ಧ ತೆಲುಗಿನಲ್ಲಿ ಆಡುವವಳು. ಆದರೆ ಹಾಡಿದರೆ ಹೊಸ ಮಡಕೆಗೆ ನೀರು ತುಂಬಿದಂಥ ದನಿ.

ಮಧುಗಿರಿಗೆ ಮೊದಲ ಸಲ ಮಾತಾಡುವ ಸಿನಿಮಾದ ಡೇರೆ ಬಂದ ವರ್ಷ ಅದು. ಸುಗ್ಗಿ ಮುಗಿದು ಊರಿನಲ್ಲೇ ಮೊದಲ ಆಟ ಗೊತ್ತಾಗಿತ್ತು. ಮಧ್ಯಾಹ್ನ ಮುದ್ದಕ್ಕ ಅನ್ನದ ಮಡಕೆ ಇಳಿಸಿ, ಸೌಟಿಗೆ ತುಪ್ಪ ತೆಗೆದು, ಗಂಡನ ಮುಖ ನೋಡಿದಳು. ಬೊಮ್ಮಪ್ಪ ಗಲ್ಲ ಎತ್ತಿ ಕಿರಿಯ ಸೊಸೆಯ ಕಡೆ ತೋರಿಸಿದ.

ತುಪ್ಪ ಓಬಳಮ್ಮನ ತಟ್ಟೆಗೆ ಬಿತ್ತು.

ನರಸಿಂಹಮ್ಮ ಮುದ್ದೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. “ಏನತ್ತೆ, ನಿಮ್ಮ ಕಿರಿ ಸೊಸೆಗೆ ತುಪ್ಪ, ನಂಗೆ ಬರೀ ಸಾರು. ನಾನೇನು ನಿಮ್ಮನೆ ರಾಗಿ ಬೀಸೋ ಕಲ್ಲಾ?”

“ನಾನೇನು ಮಾಡ್ಲೇ, ನಿಮ್ಮಾವ ಹೇಳ್ತವ್ರೆ,” ಎಂದಳು ಮುದ್ದಕ್ಕ.

“ಮಾವಾ, ಸೀತೆ ಹಾಡು ನಂಗೆ ಬರಕಿಲ್ವಾ?”

“ಬತ್ತದೆ ಕಣಮ್ಮ, ಬತ್ತದೆ. ಹಾಡು ಸೀತೇದು, ಗಂಟ್ಲು ಲಂಕೇದು.” ಬೊಮ್ಮಪ್ಪ ತಾನೇ ನಕ್ಕ. ಗಂಗಹನುಮನೂ ನಕ್ಕ. ಪಾಲಣ್ಣ ಮಾತ್ರ ಬೇರೇನೂ ಕೇಳಿಸದವನಂತೆ ಗಮನವಿಟ್ಟು ಮುದ್ದೆ ನುಂಗಿದ.

“ಅಕ್ಕಾ, ತಗೋ ನುವ್ವೇ ತಿನ್ನು, ನಂಗೊದ್ದು, ಬ್ಯಾಡ,” ಎಂದು ಓಬಳಮ್ಮ ತಟ್ಟೆ ತಳ್ಳಿದಳು.

“ಎಂಜಲು ಮಾಡಿ ಕೊಡ್ತೀಯೇನೆ?” ನರಸಿಂಹಮ್ಮ ತಟ್ಟೆಯನ್ನು ವಾಪಸು ತಳ್ಳಿದಳು.

ಬೊಮ್ಮಪ್ಪನಿಗೆ ಒಂದು ಚಟವಿತ್ತು. ಯಾರದಾದರೂ ಮಾತು ಕಿವಿಗೆ ಬಿದ್ದರೆ ಸಾಕು, ಅದು ನಾಲಿಗೆಗೆ ಇಳಿಯುತ್ತಿತ್ತು. ಅಮಲ್ದಾರರ ಕೆಮ್ಮು, ಸಿರಾದ ಸಾಬರ ಸಲಾಮು, ಅಂಗಡಿ ರುದ್ರಯ್ಯನವರು ತಕ್ಕಡಿ ಎತ್ತುವಾಗ ಬಿಡುವ ‘ಶಿವಶಿವಾ’, ಎಲ್ಲವೂ ಅವನ ಬೊಂಬೆಗಳ ಬಾಯಲ್ಲಿ ಬರುತ್ತಿದ್ದವು. ಜನ ಬರುತ್ತಿದ್ದುದು ರಾಮನಿಗೆ ಕೈಮುಗಿಯಲು ಅರ್ಧ, ರುದ್ರಯ್ಯನವರನ್ನು ಕೇಳಲು ಅರ್ಧ. ಸ್ವತಃ ರುದ್ರಯ್ಯನವರೂ ಮುಂದೆ ಕೂತು ತಮ್ಮನ್ನು ತಾವೇ ಕೇಳಿ ನಗುತ್ತಿದ್ದರು.

ಅಂದಿನ ಆಟದಲ್ಲಿ ಪಂಚವಟಿ ಬಂದಾಗ ನರಸಿಂಹಮ್ಮ ತಾಳ ಕೆಳಗಿಟ್ಟು ಶೂರ್ಪನಖಿಯ ಮಾತಿಗೆ ಬಾಯಿ ತೆರೆದಳು. ಬೊಮ್ಮಪ್ಪ ಕೈ ಅಡ್ಡ ಹಿಡಿದು ತಾನೇ ಶುರು ಮಾಡಿದ. ಪರದೆಯ ಮೇಲೆ ಶೂರ್ಪನಖಿ ಸೊಂಟಕ್ಕೆ ಕೈಯಿಟ್ಟು ರಾಮನ ಮುಂದೆ ನಿಂತಳು. “ಏನಯ್ಯಾ ರಾಮಯ್ಯ, ನಿನ್ನ ಹೆಂಡ್ರಿಗೆ ತುಪ್ಪ, ನಂಗೆ ಬರೀ ಸಾರು. ನಾನೇನು ನಿಮ್ಮನೆ ರಾಗಿ ಬೀಸೋ ಕಲ್ಲಾ?”

ದನಿ, ಎಳೆತ, ಕೊನೆಯಲ್ಲಿ ಮೂಗಿನಿಂದ ಬರುವ ಆ ಸಣ್ಣ ಉಸಿರು, ಯಾವುದೂ ತಪ್ಪಿರಲಿಲ್ಲ. ಊರು ನೆಲ ಬಡಿದುಕೊಂಡು ನಕ್ಕಿತು. ಬಾವಿಕಟ್ಟೆಯಲ್ಲಿ ದಿನಾ ಅವಳ ಜೊತೆ ನೀರು ಸೇದುವ ಹೆಂಗಸರು ಎಲ್ಲರಿಗಿಂತ ಮೊದಲು ನಕ್ಕರು. ಲಕ್ಷ್ಮಣ ಬಂದು ಮೂಗು ಕೊಯ್ದ. ಪರದೆಯ ಹಿಂದೆ ದೀಪಕ್ಕೆ ಹರಳೆಣ್ಣೆ ಹಾಕುತ್ತಿದ್ದ ನರಸಿಂಹಮ್ಮ ಎಣ್ಣೆಯ ಕುಡಿಕೆಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ಮನೆಗೆ ಹೋದಳು.

ಬೆಳಗ್ಗೆ ಹಿತ್ತಿಲಿನ ಬದಿಯಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಹಚ್ಚಿದಳು.

“ಏನೇ ಇದು?” ಎಂದಳು ಮುದ್ದಕ್ಕ.

“ಒಲೆ ಕಣತ್ತೆ. ಮೂಗು ಕೊಯ್ಸ್ಕೊಂಡೋಳು ಅಡಿಗೆ ಮಾಡ್ಕೊತಾವ್ಳೆ.”

“ತಮಾಸೆಗೆ ಅಂದವ್ರೆ. ಊರಿನೋರನ್ನೆಲ್ಲ ಅನ್ನಕಿಲ್ವಾ?”

“ಊರಿನೋರು ನಗ್ತಾ ಮನೆಗೋಯ್ತಾರೆ. ನಾನೆಲ್ಲಿಗೋಗ್ಲಿ? ಬೆಳಗಾಗೆದ್ದು ಬಾವಿಗೋದ್ರೆ, ಬಾರೇ ಶೂರ್ಪನಖಿ, ನಿಂಗೆ ತುಪ್ಪ ಹಾಕಿದ್ರಾ ಅಂದ್ರು. ಬಿಂದಿಗೆ ಅಲ್ಲೇ ಬುಟ್ಟು ಬಂದ್ಬುಟ್ಟೆ.”

ಪಾಲಣ್ಣ ಪಾಲು ಕೇಳಿದ. ಹೆಸರಿಟ್ಟ ದಿನವೇ ಇದು ಗೊತ್ತಾಗಬೇಕಿತ್ತು ಎಂದು ಬೊಮ್ಮಪ್ಪ ತಮಾಷೆ ಮಾಡಿದ; ಯಾರೂ ನಗಲಿಲ್ಲ. ನ್ಯಾಯ ಹೇಳಲು ರುದ್ರಯ್ಯನವರು ಬಂದು ಜಗುಲಿಯಲ್ಲಿ ಕೂತರು. ಪಾತ್ರೆ ಪಗಡ, ಮೇಕೆಗಳು ಬೇಗ ಹಂಚಿಹೋದವು. ಉಳಿದದ್ದು ಪೆಟ್ಟಿಗೆ. ಆಟದ ದಿನ ಬಿಟ್ಟು ಅದನ್ನು ತೆರೆಯುವಂತಿಲ್ಲ. ಬೊಮ್ಮಪ್ಪ ದೀಪ ಹಚ್ಚಿ, ಕೈಮುಗಿದು ತೆರೆದ. ರಾಮನಿಗೂ ರಾವಣನಿಗೂ ನಡುವೆ ಮುದ್ದಕ್ಕನ ಹಳೇ ಧಾರೆ ಸೀರೆಯ ಮಡಿಕೆ ಇತ್ತು. ಪೆಟ್ಟಿಗೆಯೊಳಗೆ ಅವರಿಬ್ಬರೂ ಮುಖ ನೋಡಿಕೊಂಡರೆ ಮನೆಯಲ್ಲಿ ಜಗಳವಾಗುತ್ತದೆಂದು ಆ ಸೀರೆ. ಅದು ತನ್ನ ಕೈಲಾದಷ್ಟು ಮಾಡಿತ್ತು.

“ನೋಡು ಬೊಮ್ಮಪ್ಪ,” ಎಂದರು ರುದ್ರಯ್ಯನವರು, “ರಾಮಾಯಣದವೆಲ್ಲ ದೊಡ್ಡವನಿಗೆ ಕೊಡು, ಭಾರತದವೆಲ್ಲ ಚಿಕ್ಕವನಿಗೆ ಕೊಡು. ಇಬ್ಬರೂ ಬದುಕಿಕೊಳ್ತಾರೆ.”

“ಅಂಗೆ ಮಾಡಿದ್ರೆ ಇಬ್ರೂ ಬದುಕ್ಕೊಂತಾರೆ ಸ್ವಾಮಿ. ಅದೇ ತೊಂದ್ರೆ.”

ಬೊಮ್ಮಪ್ಪ ತನ್ನ ಲೆಕ್ಕದಲ್ಲೇ ಹಂಚಿದ. ರಾಮ, ಲಕ್ಷ್ಮಣ, ಹನುಮಂತ, ಪಾಂಡವರು ಗಂಗಹನುಮನ ಕಡೆ. ರಾವಣ, ಶೂರ್ಪನಖಿ, ಕೌರವರು ಪಾಲಣ್ಣನ ಕಡೆ. ಕೊನೆಗೆ ಸೀತೆಯನ್ನು ಎತ್ತಿದ. ಜಿಂಕೆಯ ತೊಗಲು, ಬೊಮ್ಮಪ್ಪನ ಅಜ್ಜ ಉಳಿ ಹಿಡಿದು ಕೊರೆದದ್ದು. ಬೆಳಕಿಗೆ ಹಿಡಿದರೆ ಕೆಂಪು ಸೀರೆಯ ಒಂದೊಂದು ಹೂವೂ ಕಾಣುತ್ತಿತ್ತು. ಅದನ್ನು ಪಾಲಣ್ಣನ ಕಡೆಗೆ, ರಾವಣನ ಪಕ್ಕದಲ್ಲಿಟ್ಟ. ಪೆಟ್ಟಿಗೆಯೂ ಸೀರೆಯ ಮಡಿಕೆಯೂ ಸೀತೆಯ ಜೊತೆಗೇ ಹೋದವು. ನಗಿಸುವ ಕೋಡಂಗಿ ಬೊಂಬೆಯೊಂದನ್ನು ತನಗಿಟ್ಟುಕೊಂಡ.

“ಇದೆಂಥಾ ಪಾಲಪ್ಪಾ?” ಎಂದ ಗಂಗಹನುಮ. “ಸೀತೆ ಇಲ್ದೆ ನಾನೇನು ಆಡಿಸ್ಲಿ?”

“ಅವ್ನಿಗೂ ರಾಮ ಇಲ್ವಲ್ಲ. ಬೇರೆ ಬೇಯ್ಸ್ಕೊಂಡು ತಿನ್ರಿ, ನಂದೇನೂ ಅಡ್ಡಿ ಇಲ್ಲ. ಆಟ ಬಂತು ಅಂದ್ರೆ ರಾಮ ಹೋಗಿ ಸೀತೇನ ಕರ್ಕೊಂಬರ್‍ಲೇಬೇಕು. ಕತೇನೇ ಅಂಗೈತೆ.” ಬೊಮ್ಮಪ್ಪನ ಮುಖ ಅರಳಿತ್ತು. ಊರಿಗೆಲ್ಲ ರಾಮಾಯಣ ಹೇಳಿ ಹೇಳಿ, ಮನೆಯೂ ಆ ಕತೆಯ ಮಾತು ಕೇಳುತ್ತದೆ ಎಂದು ಅವನು ನಂಬಿಬಿಟ್ಟಿದ್ದ.

ಬಾಗಿಲ ಹಿಂದಿನಿಂದ ನರಸಿಂಹಮ್ಮ ಅಂದಳು: “ಅಂಗಾದ್ರೆ ನಮ್ಮ ಒಲೆ ಲಂಕೆ ಅಂತಾಯ್ತು.”

ಒಲೆ ಎರಡಾಯಿತು, ಹೊಗೆ ಮಾತ್ರ ಒಂದೇ ಮಾಡಿನ ಕೆಳಗೆ ಕೂಡಿಕೊಳ್ಳುತ್ತಿತ್ತು. ಮುದ್ದಕ್ಕ ಒಂದು ವಾರ ಈ ಒಲೆಯಲ್ಲಿ, ಒಂದು ವಾರ ಆ ಒಲೆಯಲ್ಲಿ ಉಣ್ಣುತ್ತಿದ್ದಳು. ಈ ಒಲೆಯ ಸಾರಿಗೆ ಉಪ್ಪು ಹೆಚ್ಚು ಎಂದು ಆ ಒಲೆಯಲ್ಲಿ ಹೇಳಬಾರದೆಂದು ಕಲಿಯುವುದಕ್ಕೆ ಅವಳಿಗೆ ಒಂದು ಸರದಿ ಹಿಡಿಯಿತು. ನರಸಿಂಹಮ್ಮ ಸಂತೆಯ ದಿನ ಕಡಲೆಕಾಯಿ ಸುಲಿಯುವ ಕೂಲಿಗೆ ಹೋಗತೊಡಗಿದಳು. ನೀರಿಗೆ ಮಾತ್ರ ಬಿಸಿಲು ಏರಿ ಬಾವಿಕಟ್ಟೆ ಬರಿದಾದ ಮೇಲೆ ಹೋಗುತ್ತಿದ್ದಳು. ಪಾಲಣ್ಣ ಮಧುಗಿರಿಗೆ ಹೋಗಿ ಸಿನಿಮಾ ಡೇರೆಯಲ್ಲಿ ಕೆಲಸ ಹಿಡಿದ. ಹಗಲಲ್ಲಿ ಚಿತ್ರ ಕಟ್ಟಿದ ಗಾಡಿಯ ಮುಂದೆ ತಮಟೆ ಬಾರಿಸುತ್ತ ಬೀದಿ ಸುತ್ತುವುದು, ಸಂಜೆ ಬಾಗಿಲಲ್ಲಿ ನಿಂತು ಜನ ಕೂಗುವುದು. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ.

“ಎಂಗೈತ್ಲಾ ಆ ಬೊಂಬೆ?” ಎಂದು ಬೊಮ್ಮಪ್ಪ ಜಗುಲಿಯಿಂದಲೇ ಕೇಳಿದ.

“ಬೊಂಬೆ ಅಲ್ಲಪ್ಪಯ್ಯ, ಮನುಸ್ರೇ. ಪರದೆ ಮೇಲೆ ಅವರೇ ಮಾತಾಡ್ತಾರೆ, ಅವರೇ ಹಾಡ್ತಾರೆ.”

“ಹಿಂದೆ ಯಾರೂ ಇರಕಿಲ್ವಾ?”

“ಒಂದು ಮಿಷನ್ನು ಐತೆ.”

“ಮಿಷನ್ನಿಗೆ ತುಪ್ಪ ಹಾಕ್ತಾರಾ?”

“ಎಣ್ಣೆ ಹಾಕ್ತಾರೆ,” ಎಂದ ಪಾಲಣ್ಣ, ನಗದೆ.

ಒಂದು ಸಲ ಬಂದವನು ಬೆಳಗ್ಗೆ ದೀಪ ಹಚ್ಚಿ ತನ್ನ ಪಾಲಿನ ಪೆಟ್ಟಿಗೆ ತೆರೆದ. ಡೇರೆಯ ಬಾಗಿಲಿಗೆ ಕಟ್ಟಲು ಮ್ಯಾನೇಜರು ರಾವಣನನ್ನು ಕೇಳಿದ್ದಾರೆ ಎಂದ. “ತಗೊಂಡೋಗು, ಅವ್ನು ಎಲ್ಲಿದ್ರೇನು,” ಎಂದಳು ನರಸಿಂಹಮ್ಮ, ರಾಗಿ ಕೇರುತ್ತ. ರಾವಣನನ್ನು ದಪ್ಪ ಸುರುಳಿ ಮಾಡಿ ಕಂಕುಳಲ್ಲಿಟ್ಟುಕೊಂಡು ಪಾಲಣ್ಣ ಹೊರಟ.

ವರ್ಷಕ್ಕೊಂದು ತಾವರೆಕೆರೆಯ ಆಟ ಆ ಮನೆಯ ಅನ್ನ. ಆ ಊರಿನ ಕಣಗಳಿಂದ ಬರುವ ರಾಗಿಯೇ ಮುಂದಿನ ಸುಗ್ಗಿಯವರೆಗೆ ಹಿಟ್ಟು. ಶಿವರಾತ್ರಿ ಕಳೆದ ಕೂಡಲೆ ಅಲ್ಲಿನ ಪಟೇಲ ನಂದೀಶ್ವರಯ್ಯನವರಿಂದ ಆಳು ಬಂದು ದಿನ ಹೇಳಿ ಹೋದ. ಗಂಗಹನುಮ ಹಿತ್ತಿಲಿಗೆ ಬಂದು ನಿಂತ.

“ಅತ್ತಿಗೆ, ಸೀತೇನ ಕೊಡು. ಅಣ್ಣನೂ ಬರ್‍ಲಿ. ಬಂದ ರಾಗಿ ಅರ್ಧರ್ಧ.”

“ಸೀತೆ ಎಲ್ಲಿಗೋದ್ರೆ ನಾನೂ ಅಲ್ಲಿಗೆ ಬರ್‍ತೀನಿ ಕಣಪ್ಪ. ತಾವರೆಕೆರೇಲಿ ನಾನೇ ಹಾಡೋಳು. ನಿಮ್ಮಪ್ಪ ಒಪ್ಕಂಡ್ರೆ ಈಗಲೇ ಪೆಟ್ಟಿಗೆ ತೆಗೀತೀನಿ. ನಂಗೆ ಬೇಕಿರೋದು ಅದೊಂದೇ.”

ಗಂಗಹನುಮ ಹೋಗಿ ಹೇಳಿದ. ಬೊಮ್ಮಪ್ಪ ಎಲೆಯಡಿಕೆ ಮೆಲ್ಲುತ್ತ ಬಹಳ ಹೊತ್ತು ಕೂತಿದ್ದು, ಕೋಡಂಗಿ ಬೊಂಬೆಯನ್ನು ಕೈಗೆ ತಗೊಂಡು ಹಿರಿಯ ಸೊಸೆಯ ಒಲೆಯ ಹತ್ತಿರ ಹೋದ. ಬೊಂಬೆಯ ತಲೆ ಬಾಗಿಸಿ ಕೋಡಂಗಿಯ ಕೀರಲು ದನಿಯಲ್ಲಿ ಅಂದ: “ಅಮ್ಮಣ್ಣೀ, ಮುದುಕಂಗೆ ಬುದ್ಧಿ ಕೆಟ್ಟಿತ್ತು. ತೆಪ್ಪಾಯ್ತಂತೆ. ನಾನು ಎರಡು ಬುಟ್ಟೀನಿ ಅವಂಗೆ. ಸೀತೇನ ಕಳಿಸ್ಕೊಡವ್ವ.”

ನರಸಿಂಹಮ್ಮ ಬೊಂಬೆಯನ್ನು ನೋಡಲಿಲ್ಲ, ಅದನ್ನು ಹಿಡಿದ ಕೈಯನ್ನು ನೋಡಿದಳು. “ಬೈಯೋದು ನನ್ನ ಗಂಟ್ಲಲ್ಲಿ. ತಪ್ಪಾಯ್ತು ಅನ್ನೋದು ಕೋಡಂಗಿ ಗಂಟ್ಲಲ್ಲಿ. ನಿಮ್ಮ ಗಂಟ್ಲಲ್ಲಿ ಏನೂ ಇಲ್ವಾ ಮಾವ?”

ಬೊಮ್ಮಪ್ಪ ಬಾಯಿ ತೆರೆದ. ಕೋಡಂಗಿ ಬರುತ್ತಿತ್ತು, ರುದ್ರಯ್ಯನವರು ಬರುತ್ತಿದ್ದರು, ಅಮಲ್ದಾರರು ಸಹ ಸಿದ್ಧವಾಗಿದ್ದರು. ಯಾರನ್ನೂ ಕರೆಯದೆ ಬಾಯಿ ಮುಚ್ಚಿಕೊಂಡು ಹಿಂದಿರುಗಿದ. ಜಗುಲಿಗೆ ಬಂದ ಮೇಲೆ ಮಾತು ಬಂತು. “ತಾವರೆಕೆರೆಯೋರು ಸೀತೇನ ಕೇಳಕ್ಕೆ ಬರ್‍ತಾರೆ ಕಣ್ಲಾ, ಒರಳುಕಲ್ಲಿನ ಸದ್ದ ಕೇಳಕ್ಕಲ್ಲ. ಹೊಸ ಸೀತೇನೇ ಮಾಡು ನೀನು.”

ಸೀತೆಗೆ ಜಿಂಕೆಯ ತೊಗಲೇ ಆಗಬೇಕು. ಮಹಾರಾಜರ ಕಾಡಿನ ಜಿಂಕೆ ಮುಟ್ಟಿದವರು ಜೈಲಿನಲ್ಲಿ ಮುದ್ದೆ ಮುರಿಯಬೇಕು. ಗಂಗಹನುಮ ತನ್ನ ಪಾಲಿನ ಒಂದು ಮೇಕೆಯನ್ನು ಕಡಿದ. ಅದರ ತೊಗಲನ್ನು ತಿಂಗಳುಗಟ್ಟಲೆ ಹೆರೆದು ನೆರಳಲ್ಲಿ ಒಣಗಿಸಬೇಕಿತ್ತು, ದಿನ ಉಳಿದಿರಲಿಲ್ಲ. ಬಿಸಿಲಿಗೆ ಬಿಗಿದು ಕಟ್ಟಿ, ಬಣ್ಣ ಬಳಿದು, ಕಣ್ಣು ಕೊರೆದ. ಮೇಕೆಯ ಸಾರಿನ ಒಂದು ಬಟ್ಟಲನ್ನು ಓಬಳಮ್ಮ ಆ ಒಲೆಗೆ ಕೊಟ್ಟುಬರಲು ಹೋದಳು.

“ಅಕ್ಕಾ, ಕೊಂಚೆಂ ತಗೋ.”

“ಸೀತೇನ ಬೇಯ್ಸಿ ತಿಂತಾ ಇದ್ದೀರಲ್ಲೇ,” ಎಂದಳು ನರಸಿಂಹಮ್ಮ. ಬಟ್ಟಲನ್ನು ಮಾತ್ರ ಇಳಿಸಿಕೊಂಡಳು. ಮನೆಯಲ್ಲಿ ಸಾರು ಮಾಡುವಂಥದ್ದು ಬೇರೇನೂ ಇರಲಿಲ್ಲ.

ತಾವರೆಕೆರೆಯ ಆಟಕ್ಕೆ ಹೋದವರು ಹಿಂತಿರುಗಿದ್ದು ಮಾರನೆಯ ದಿನ ಉರಿಬಿಸಿಲಿನಲ್ಲಿ. ಗಾಡಿಯಿಂದ ಒಂದು ಚೀಲವೂ ಇಳಿಯಲಿಲ್ಲ. ಬೊಮ್ಮಪ್ಪ ಕಾಲು ತೊಳೆಯದೆ ಒಳಗೆ ಹೋಗಿ ಮಲಗಿದ. ಓಬಳಮ್ಮ ನೀರು ಕುಡಿಯಲು ಹಿತ್ತಿಲಿಗೆ ಬಂದವಳು ನರಸಿಂಹಮ್ಮನ ಒಲೆಯ ಮುಂದೆ ಕುಸಿದು ಕೂತಳು.

“ಏನಾಯ್ತೇ?”

“ಏಮಿ ಹೇಳ್ಲಿ ಅಕ್ಕ. ರಾವಣ ಇರ್‍ಲಿಲ್ಲ, ಭೀಮಂಗೆ ರಾವಣನ ಮಾತು ಹೇಳಿಸಿದ್ರು. ಗದೆ ಹಿಡ್ಕೊಂಡು ಭಿಕ್ಷಕ್ಕೆ ಬಂದ. ಅದಾದ್ರೂ ಜನ ತಡಕೊಂಡ್ರು. ಸೀತಮ್ಮ ಬಂದ್ಲು. ನಾನು ಹಾಡು ಎತ್ತುಕೊಂಡೆ, ಬಾಗ, ಚೆನ್ನಾಗೇ ಹಾಡಿದೆ, ನಿಜಂಗಾ. ದೀಪದ ಕಾವು ಬಿತ್ತು ನೋಡು, ಹಸಿ ತೊಗಲು, ಸೀತಮ್ಮ ಮುದುರೋಕೆ ಶುರು. ಮೊದಲು ಕಾಲು ಮೇಲಕ್ಕೆ ಬಂತು. ಆಮೇಲೆ ತಲೆ ಕೆಳಗೆ ಬಂತು. ನಾನು ‘ಸ್ವಾಮಿ ಎಲ್ಲಿದ್ದೀಯೋ’ ಅಂತ ಅಳ್ತಾ ಇದ್ರೆ ಅವಳು ಚಕ್ಕುಲಿ ಥರ ಸುತ್ತುಕೊಂಡಳು.”

ನರಸಿಂಹಮ್ಮನಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡಳು. ಓಬಳಮ್ಮನೂ ನಕ್ಕಳು, ನಗುತ್ತಲೇ ಮೂಗು ಒರೆಸಿಕೊಂಡಳು. ವಾರಗಿತ್ತಿಯರು ಆ ಮನೆಯಲ್ಲಿ ಒಟ್ಟಿಗೆ ನಕ್ಕದ್ದು ಅದೇ ಮೊದಲು.

“ಮಾವ ಕೋಡಂಗೀನ ತಂದು ಏನೇನೋ ಮಾತಾಡಿಸಿದ್ರು. ಜನ ಚೆನ್ನಾಗಿ ನಕ್ಕರು. ನಗ್ತಾ ನಗ್ತಾ ಎದ್ದೋದ್ರು. ಪಟೇಲಯ್ಯ ಏಮನ್ನಾರು ಗೊತ್ತಾ? ನಾವು ರಾಗಿ ಕೊಡೋದು ಸೀತಮ್ಮಂಗೆ, ಕೋಡಂಗಿಗಲ್ಲ. ಯುಗಾದಿ ಆದ ಮೇಲೆ ಇನ್ನೊಂದು ದಿನ ಕೊಡ್ತೀನಿ, ಆ ಹಳೇ ಸೀತಮ್ಮನ್ನೇ ತಂದು ಆಡಿಸಿ. ಇಲ್ಲ ಅಂದ್ರೆ ಈ ಊರಿಗೆ ಬರಬ್ಯಾಡಿ ಅಂದ್ರು.” ಅವಳು ದನಿ ತಗ್ಗಿಸಿದಳು. “ಅಕ್ಕಾ, ನುವ್ವೇ ಪಾಡು. ನಾನು ತಾಳ ಹಾಕ್ತೀನಿ. ನಾನು ಮಾವಂಗೂ ಹೇಳಿದೀನಿ.”

ಬೊಮ್ಮಪ್ಪ ಎದ್ದು ಬರಲು ನಾಲ್ಕಾರು ದಿನ ಹಿಡಿಯಿತು. ಆ ದಿನಗಳಲ್ಲಿ ಯಾರ ದನಿಯನ್ನೂ ತೆಗೆಯಲಿಲ್ಲ. ರಾಗಿಯ ವಾಡೆಯಲ್ಲಿ ಕೈ ಹಾಕಿದರೆ ತಳ ಸಿಗುತ್ತಿತ್ತು. ಯುಗಾದಿಗೆ ಬೇವಿತ್ತು, ಬೆಲ್ಲವಿರಲಿಲ್ಲ. ಹಬ್ಬದ ಮಾರನೆಯ ದಿನ ಪಾಲಣ್ಣನೂ ಮಧುಗಿರಿಯಿಂದ ಬಂದಿದ್ದ, ಒಲೆಯ ಮುಂದೆ ಉಣ್ಣುತ್ತಿದ್ದ. ಬೊಮ್ಮಪ್ಪ ಕೈಯಲ್ಲಿ ಬೊಂಬೆಯಿಲ್ಲದೆ ಬಂದು ನಿಂತ.

“ನರಸಿಂಹಮ್ಮ,” ಎಂದ. ಒಮ್ಮೆ ಕೆಮ್ಮಿದ. “ನಾನು ಅಂಗೆ ಆಡಬಾರದಿತ್ತು. ತಾವರೆಕೆರೇಲಿ ನೀನೇ ಸೀತೆ ಹೇಳು.”

ಒಳಗಿದ್ದ ಮುದ್ದಕ್ಕ ಕೂಗಿ ಕೇಳಿದಳು: “ಯಾರು ಬಂದಿರೋದು? ಯಾರ ಗಂಟ್ಲದು?”

“ನಂದೇ ಇರ್‍ಬೇಕು,” ಎಂದ ಬೊಮ್ಮಪ್ಪ.

ನರಸಿಂಹಮ್ಮ ಒಲೆಯ ಕೊಳ್ಳಿ ಹಿಂದಕ್ಕೆಳೆದಳು. ಆಮೇಲೆ ಕೈ ತೊಳೆದು, ಕುಂಕುಮ ಇಟ್ಟುಕೊಂಡು, ದೀಪ ಹಚ್ಚಿದಳು. ಪಾಲಣ್ಣ ತಟ್ಟೆ ಬಿಟ್ಟು ಎದ್ದ. “ಈಗ್ಯಾಕೆ ತೆಗೀತೀಯೆ. ಆಟದ ದಿನ ತೆಗೆದ್ರಾಯ್ತು.”

“ಒಂದ್ಸಲ ನೋಡ್ತೀನಿ.”

“ಬ್ಯಾಡ ಕಣೆ.”

ಅವಳು ಪೆಟ್ಟಿಗೆ ತೆರೆದಳು. ಕೌರವರನ್ನು ಸರಿಸಿದಳು. ಶೂರ್ಪನಖಿ ಇದ್ದಳು. ಅವಳ ಕೆಳಗೆ ಹಳೇ ಸೀರೆಯ ಮಡಿಕೆ ಇತ್ತು, ಮಡಿಕೆಯ ಕೆಳಗೆ ಮರದ ತಳ.

“ರಾವಣನ ಸುರುಳಿ ಒಳಗೆ ಇಟ್ಕೊಂಡು ಹೋದೆ,” ಎಂದ ಪಾಲಣ್ಣ, ಗೋಡೆಗೆ. “ಗಾಡಿಗೆ ಕಟ್ಟೋ ಚಿತ್ರ ಬೆಂಗಳೂರಿಂದ ಬಂದಿರ್‍ಲಿಲ್ಲ. ಯಾವುದಾದ್ರೂ ಹೆಣ್ಣಿನ ಚಿತ್ರ ಬೇಕು ಅಂದ್ರು ಮ್ಯಾನೇಜರು. ರಾಮ ಇಲ್ದಿರೋ ಸೀತೆ ಮನೇಲಿ ಕೂತು ಏನು ಮಾಡ್ಬೇಕು ಅಂದ್ಕಂಡೆ. ಅಪ್ಪಯ್ಯನೇ ಅಂಗೆ ಹಂಚಿದ್ದಲ್ವಾ? ನಾಕು ದಿನಕ್ಕೆ ತಂದು ಇಡ್ತಿದ್ದೆ.”

ಬೊಮ್ಮಪ್ಪ ಹೊಸ್ತಿಲ ಮೇಲೆ ಕೂತ.

“ನಡೀರಿ ಮಧುಗಿರಿಗೆ,” ಎಂದಳು ನರಸಿಂಹಮ್ಮ.

ಹೋದವರು ನಾಲ್ವರು: ಅವಳು, ಪಾಲಣ್ಣ, ಬೊಮ್ಮಪ್ಪ, ಗಂಗಹನುಮ. ಬೆಟ್ಟದ ಬುಡದ ಬಯಲಿನಲ್ಲಿ ಡೇರೆಯ ಬಟ್ಟೆ ಹಗಲಿನ ಗಾಳಿಗೆ ಸಡಿಲವಾಗಿ ಬಡಿದುಕೊಳ್ಳುತ್ತಿತ್ತು. ಬಾಗಿಲ ಮೇಲೆ ರಾವಣನನ್ನು ಸೆಣಬಿನ ಹುರಿಯಲ್ಲಿ ಕಟ್ಟಿದ್ದರು. ಹತ್ತು ತಲೆಗೂ ಧೂಳು. ಗಾಡಿ ಹಿಂಬದಿಯಲ್ಲಿ ನಿಂತಿತ್ತು. ಹಲಗೆಯ ಮೇಲೆ ಸೀತೆ ಇದ್ದಳು. ಬಿಸಿಲಿಗೆ ಸುತ್ತಿಕೊಳ್ಳದಿರಲಿ ಎಂದು ಯಾರೋ ಅಂಗೈಗಳಿಗೆ, ಪಾದಗಳಿಗೆ, ಹಣೆಗೆ ಮೊಳೆ ಹೊಡೆದಿದ್ದರು. ಯುಗಾದಿಗೆ ಮುಂಚೆ ಬಿದ್ದ ಒಂದು ಅಕಾಲದ ಮಳೆಗೆ ಬಣ್ಣ ಇಳಿದು ಕೆಂಪು ಸೀರೆ ಹಲಗೆಗೆ ಹತ್ತಿತ್ತು. ಸೆರಗಿನ ಮೇಲೆ ಟಾರಿನಲ್ಲಿ ಬರೆದಿತ್ತು: ‘ಇಂದೇ ಬನ್ನಿ’.

“ಹೊಸ ಚಿತ್ರ ಬಂದಾಯ್ತು, ಇದು ಬೇಡ, ತಗೊಂಡು ಹೋಗ್ರಪ್ಪ,” ಎಂದರು ಮ್ಯಾನೇಜರು. ಒಳ್ಳೆಯ ಮನುಷ್ಯ, ಮೊಳೆ ಕೀಳಲು ಇಕ್ಕಳವನ್ನೂ ಕೊಟ್ಟರು. ಪಾಲಣ್ಣ ಮೊಳೆ ಎಳೆದ. ನೆನೆದು ಒಣಗಿ ಬಿರುಸಾಗಿದ್ದ ತೊಗಲು ಮೊಳೆಯ ಜೊತೆಗೇ ಹರಿದು ಬಂತು. ಒಂದು ಅಂಗೈ ಹಲಗೆಯಲ್ಲೇ ಉಳಿಯಿತು. ನರಸಿಂಹಮ್ಮ ಅದನ್ನು ಉಗುರಿನಿಂದ ಬಿಡಿಸಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

ದಾರಿಯಲ್ಲಿ ಗಂಗಹನುಮ ಅಣ್ಣನಿಗೆ ಬೈಯಬೇಕೆಂದು ಎರಡು ಸಲ ಬಾಯಿ ತೆರೆದ.

“ಅವನಿಗ್ಯಾಕ್ಲಾ ಬೈತೀಯ,” ಎಂದ ಬೊಮ್ಮಪ್ಪ. “ಲಂಕೆಗೆ ಕಳಿಸ್ದೋನು ನಾನು.”

ಹರಿದ ಬೊಂಬೆ ಪರದೆಯ ಮೇಲೆ ಬರುವಂತಿಲ್ಲ. ಮನೆಯಲ್ಲಿ ಇಡುವಂತೆಯೂ ಇಲ್ಲ. ಅದಕ್ಕೆ ಅದರದೇ ಹಾಡು ಒಮ್ಮೆ ಹೇಳಿ, ಅರಿಶಿನ ಕುಂಕುಮ ಹಚ್ಚಿ, ಕೆರೆಗೆ ಬಿಡಬೇಕು. ಮಾರನೆಯ ಬೆಳಗ್ಗೆ ಎಲ್ಲರೂ ಊರ ಕೆರೆಗೆ ಹೋದರು. ನೀರು ಏರಿಯಿಂದ ದೂರ ಸರಿದಿತ್ತು. ಮುದ್ದಕ್ಕ ಹಾಡಲು ನೋಡಿದಳು, ಬರೀ ಗಾಳಿ ಬಂತು. ಓಬಳಮ್ಮ ತಾಳ ಕೈಗೆ ತಗೊಂಡು ನರಸಿಂಹಮ್ಮನನ್ನು ನೋಡಿದಳು.

ನರಸಿಂಹಮ್ಮ ಕೆಸರಿನಲ್ಲಿ ನಿಂತು ಹಾಡಿದಳು. ಭೂಮಿ ಬಾಯಿ ಬಿಟ್ಟಾಗ ಸೀತೆ ಹೇಳುವ ಹಾಡು. ದಪ್ಪ ದನಿ, ಒರಟು ದನಿ. ಎಲ್ಲೂ ನುಣುಪಾಗಲಿಲ್ಲ, ಎಲ್ಲೂ ತಪ್ಪಲೂ ಇಲ್ಲ. ಆ ಕಡೆ ಬಟ್ಟೆ ಒಗೆಯುತ್ತಿದ್ದ ಬಾವಿಕಟ್ಟೆಯ ಹೆಂಗಸರು ಕೈ ನಿಲ್ಲಿಸಿ ಕೇಳಿದರು. ಕೊನೆಗೆ ಅವಳು ಸೆರಗಿನ ಗಂಟು ಬಿಚ್ಚಿ ಅಂಗೈಯನ್ನು ಬೊಂಬೆಯ ಎದೆಯ ಮೇಲಿಟ್ಟಳು. ಗಂಗಹನುಮ ನೀರಿಗೆ ನೂಕಿದ. ತೊಗಲು ಕೂಡಲೆ ಮುಳುಗಲಿಲ್ಲ. ಮೆತ್ತಗಾಗುತ್ತ, ಸುರುಳಿ ಬಿಚ್ಚುತ್ತ, ಸ್ವಲ್ಪ ಹೊತ್ತು ಅಂಗಾತ ತೇಲಿತು.

“ತಾವರೆಕೆರೆಯೋರು ಇದ ಕೇಳ್ಬೇಕಿತ್ತು,” ಎಂದ ಬೊಮ್ಮಪ್ಪ.

“ಕೇಳಿಸ್ಬೌದಿತ್ತು,” ಎಂದಳು ನರಸಿಂಹಮ್ಮ.

ಮನೆಗೆ ಬಂದು ಮುದ್ದಕ್ಕ ಅನ್ನಕ್ಕೆ ಇಟ್ಟಳು. ಅಕ್ಕಿ ಇದ್ದದ್ದೇ ಅಷ್ಟು, ಒಂದು ತಟ್ಟೆಗೆ ಆಗುವಷ್ಟು. ತುಪ್ಪದ ಗಡಿಗೆಯ ತಳ ಕೆರೆದಳು. ಬಿಸಿ ತಟ್ಟೆಯನ್ನು ತಂದು ನರಸಿಂಹಮ್ಮನ ಒಲೆಯ ಮುಂದೆ ಇಟ್ಟಳು. “ಇವತ್ತು ಹಾಡ್ದೋಳು ನೀನು. ಉಣ್ಣು.”

ನರಸಿಂಹಮ್ಮ ತಟ್ಟೆಯನ್ನು ನೋಡಿದಳು. “ಇದು ಆಟದ ದಿನದ ಊಟ ಅತ್ತೆ. ಇವತ್ತು ಆಟ ಎಲ್ಲೈತೆ?”

ಅವಳು ತಟ್ಟೆಯನ್ನು ಓಬಳಮ್ಮನ ಕಡೆ ಸರಿಸಿದಳು. “ಒದ್ದಕ್ಕಾ,” ಎಂದು ಓಬಳಮ್ಮ ಗಂಡನ ಕಡೆ ಸರಿಸಿದಳು. ಗಂಗಹನುಮ ಅಣ್ಣನ ಕಡೆ ಸರಿಸಿದ. ಪಾಲಣ್ಣ ಕೈ ಹಿಂದಕ್ಕೆ ತಗೊಂಡು, ಸಂಜೆ ಜನ ಕೂಗುವ ಹೊತ್ತಿಗೆ ಮಧುಗಿರಿಯಲ್ಲಿರಬೇಕು ಎಂದು ಹೇಳಿ ಎದ್ದು ಹೋದ. ಎಲ್ಲರೂ ಬೊಮ್ಮಪ್ಪನ ಮುಖ ನೋಡಿದರು. ಇಂಥ ಹೊತ್ತಿಗೆ ಕೋಡಂಗಿಯ ದನಿಯಲ್ಲಿ ಒಂದು ಮಾತು ಬರಬೇಕಿತ್ತು. ಬಂದರೆ ಯಾರಾದರೂ ನಕ್ಕು, ಯಾರಾದರೂ ಮೊದಲ ತುತ್ತಿಗೆ ಕೈ ಹಾಕುತ್ತಿದ್ದರೋ ಏನೋ. ಬೊಮ್ಮಪ್ಪ ತಲೆ ತಗ್ಗಿಸಿಕೊಂಡು ಕೂತಿದ್ದ.

ಹಿತ್ತಿಲಿನ ಒಲೆಯಲ್ಲಿ ನರಸಿಂಹಮ್ಮ ಮುದ್ದೆಗೆ ಎಸರು ಇಟ್ಟಳು. ಒಳಗಿನ ಒಲೆಯಲ್ಲಿ ಓಬಳಮ್ಮ ಮುದ್ದೆಗೆ ಎಸರು ಇಟ್ಟಳು. ತಟ್ಟೆ ಎರಡು ಒಲೆಗಳ ನಡುವೆ, ಬಾಗಿಲ ಹತ್ತಿರ, ತುಪ್ಪಕ್ಕೆ ಇರುವೆ ಹತ್ತುವವರೆಗೂ ಅಲ್ಲೇ ಇತ್ತು.